ಅಮ್ಮನ ಬಾಟಲಿ, ಅಣ್ಣನ ಕಣ್ಣು

ನೋವು ಕಡಿಮೆಯಾಯಿತು ಎಂದು ಯಾರಾದರೂ ಹೇಳಿದರೆ ಈಗ ನನಗೆ ಭಯವಾಗುತ್ತದೆ.

ಚಳ್ಳಕೆರೆಯ ಒಂದು ಸಣ್ಣ ಲ್ಯಾಬಿನಲ್ಲಿ ಟೆಕ್ನಿಷಿಯನ್ ಕೆಲಸ ನನ್ನದು. ರಕ್ತ, ಮೂತ್ರ, ಕಫದ ಜೊತೆಗೆ ಚರ್ಮ ಕೆರೆದ ಪುಡಿಯನ್ನೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಈಗೀಗ ಹುಳುಕಡ್ಡಿ ಇಲ್ಲದ ಮನೆಯೇ ಇಲ್ಲವೇನೋ ಎನ್ನುವಂತಾಗಿದೆ. ತೊಡೆಸಂದು, ಸೊಂಟ, ಕುತ್ತಿಗೆ, ಬೆವರು ನಿಲ್ಲುವ ಕಡೆಯೆಲ್ಲ ಕೆಂಪು ಉಂಗುರಗಳು. ಬಂದವರನ್ನು ಏನು ಹಚ್ಚಿದಿರಿ ಎಂದು ಕೇಳಿದರೆ ಮೆಡಿಕಲ್ ಶಾಪಿನಿಂದ ತಂದ ಟ್ಯೂಬೊಂದನ್ನು ಜೇಬಿನಿಂದ ತೆಗೆಯುತ್ತಾರೆ.

"ಹಚ್ಚಿದ್ ಎರಡ್ ದಿನಕ್ಕೆ ಕಡಿತ ನಿಂತೋಗ್ತೈತೆ ಮೇಡಂ. ಬಿಟ್ರೆ ಮತ್ತೆ ಜಾಸ್ತಿ ಬರ್ತೈತೆ."

ಬಾರದೆ ಏನು ಮಾಡೀತು? ಆ ಟ್ಯೂಬಿನಲ್ಲಿರುವುದು ಸ್ಟೀರಾಯ್ಡ್. ಅದು ಕಡಿತವನ್ನೂ ಕೆಂಪನ್ನೂ ಅಡಗಿಸುತ್ತದೆಯೇ ಹೊರತು ಫಂಗಸ್ಸಿನ ಕೂದಲು ಕೊಂಕಿಸುವುದಿಲ್ಲ. ಮೈಯ ಕಾವಲು ಮಲಗಿದ ಮೇಲೆ ಫಂಗಸ್ಸು ಒಳಗೊಳಗೇ ಹಾಯಾಗಿ ಹಬ್ಬುತ್ತದೆ. ಇದನ್ನು ನಾನು ಬಂದವರಿಗೆಲ್ಲ ಬೈದೇ ಹೇಳುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ದೊಡ್ಡವರು ಚಿಕ್ಕವರು ನೋಡದೆ, "ಯಾರನ್ನ ಕೇಳಿ ಹಚ್ಚಿದ್ರಿ?" ಎಂದು ದಬಾಯಿಸುತ್ತಿದ್ದೆ. ಹಾಗೆ ದಬಾಯಿಸುವುದರಲ್ಲಿ ಒಂದು ಸುಖವೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮದು ಮೊಳಕಾಲ್ಮೂರಿನ ನೇಕಾರರ ಮನೆ. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಅಪ್ಪನ ನಂತರ ಮಗ್ಗಕ್ಕೆ ಕೂತವನು ನನ್ನ ಅಣ್ಣ. ರೇಷ್ಮೆ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಇದ್ದರೆ ಒಬ್ಬರಿಂದ ನೇಯಲಾಗುವುದಿಲ್ಲ. ಅಣ್ಣನ ಬಲಕ್ಕೆ ಅವನ ಹೆಂಡತಿ, ನಮ್ಮ ವದಿನ, ಕೂತು ಆ ಕಡೆಯ ಅಂಚಿನ ಲಾಳಿ ಎಸೆಯುತ್ತಾಳೆ. ಲ್ಯಾಬಿನ ಕೆಲಸ ಕಲಿತವಳು ನಾನೊಬ್ಬಳೇ ಆದ್ದರಿಂದ ಮನೆಯವರ ಕಣ್ಣಿಗೆ ನಾನೇ ಅರ್ಧ ಡಾಕ್ಟರು. ಯಾರ ತಲೆ ನೊಂದರೂ ಮೊದಲು ನನಗೇ ಫೋನ್ ಬರುತ್ತಿತ್ತು.

ಹಿಂದಿನ ವರ್ಷ ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಆಪರೇಷನ್ ಆದ ಮೇಲೆ ಹಾಕಿಕೊಳ್ಳಲು ಕೊಟ್ಟ ಹನಿಗಳಲ್ಲಿ ಒಂದು ಬಾಟಲಿ ಅರ್ಧ ಉಳಿದಿತ್ತು. ಅಮ್ಮ ಅದನ್ನು ಎಸೆಯಲಿಲ್ಲ. ಕಣ್ಣು ಕೊಟ್ಟ ಔಷಧಿ ಎಂದು ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದ್ದಳು. ಊರಿಗೆ ಹೋದಾಗ ನಾನೂ ಅದನ್ನು ನೋಡಿದ್ದೆ. ನಕ್ಕಿದ್ದೆ. ಎತ್ತಿ ತಿಪ್ಪೆಗೆ ಹಾಕಲಿಲ್ಲ.

ಆ ಸಲ ಶೇಂಗಾ ಸುಗ್ಗಿಯಲ್ಲಿ ಅಣ್ಣ ಕೊಂಡ್ಲಹಳ್ಳಿಗೆ, ವದಿನಳ ತವರಿಗೆ, ಕೈಜೋಡಿಸಲು ಹೋಗಿದ್ದ. ಒಕ್ಕುವ ಮಷಿನ್ನಿಗೆ ಬಳ್ಳಿ ಹಾಕುವಾಗ ಒಂದು ಚೂರು ಕಡ್ಡಿ ಹಾರಿ ಬಲಗಣ್ಣಿಗೆ ಬಡಿಯಿತಂತೆ. ನೀರಲ್ಲಿ ತೊಳೆದುಕೊಂಡು ಕೆಲಸ ಮುಗಿಸಿಯೇ ಊರಿಗೆ ಬಂದ. ನಾಲ್ಕನೆಯ ದಿನಕ್ಕೆ ಕಣ್ಣು ಕೆಂಪೇರಿತು, ಬೆಳಕು ಚುಚ್ಚತೊಡಗಿತು. ಆಗ ವದಿನ ಫೋನ್ ಮಾಡಿದಳು.

ಲ್ಯಾಬಿನ ಮುಂದೆ ಅವತ್ತು ಜನವೋ ಜನ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಯಾರದೋ ರಕ್ತ ತೆಗೆಯುತ್ತಿದ್ದೆ.

"ನಿಮ್ಮಣ್ಣಗೆ ಕಣ್ ಭಾಳ ಕೆಂಪಾಗೈತೆ. ಅಮ್ಮ ಅವರ ಬಾಟ್ಲಿ ಔಷಧಿ ಹಾಕ್ತೀನಿ ಅಂತಾರೆ. ಹಾಕ್ಬೋದಾ?"

"ಪೊರೆ ಆಪರೇಷನ್‌ದಾ? ದೊಡ್ಡಾಸ್ಪತ್ರೆದು ತಾನೆ, ಹಾಕ್ರಿ. ಏನಾಗಲ್ಲ."

ಇಷ್ಟೇ ನಾನು ಹೇಳಿದ್ದು. ಔಷಧಿಯ ಹೆಸರು ಕೇಳಲಿಲ್ಲ, ಕಣ್ಣಿಗೆ ಏನು ಬಿತ್ತು ಎಂದು ಕೇಳಲಿಲ್ಲ. ರಾಗಿ ಕಾಳಿನಷ್ಟು ಕಡಿತಕ್ಕೆ ಬೈಯುವವಳು ಒಡಹುಟ್ಟಿದವನ ಕಣ್ಣಿಗೆ ಅರ್ಧ ನಿಮಿಷವನ್ನೂ ಕೊಡಲಿಲ್ಲ.

ಮೂರನೆಯ ದಿನ ಅಣ್ಣನೇ ಫೋನ್ ಮಾಡಿದ. "ಚೆಲ್ಲೀ, ನೋವು ಅರ್ಧಕ್ಕರ್ಧ ಇಳೀತು. ಕೆಂಪೂ ಕಡಿಮೆ ಆಗೈತೆ. ಮಗ್ಗಕ್ಕೆ ಕೂತೀನಿ." ತಂಗಿ ಎಂಬ ಅರ್ಥದ ಆ ತೆಲುಗು ಮಾತನ್ನು ಅವನು ಖುಷಿಯಾದಾಗ ಎಳೆದು ಹೇಳುತ್ತಾನೆ. ನನಗೆ ಹೆಮ್ಮೆಯಾಯಿತು. ನಾನು ಹೇಳಿದ್ದು ಸರಿಹೋಯಿತಲ್ಲ ಎಂದು ಮಧ್ಯಾಹ್ನದ ಬುತ್ತಿಯನ್ನು ನೆಮ್ಮದಿಯಾಗಿ ಉಂಡೆ.

ಮುಂದಿನ ವಾರವೆಲ್ಲ ಅವನು ಹನಿ ಹಾಕುವುದನ್ನೂ ಬಿಡಲಿಲ್ಲ, ಮಗ್ಗವನ್ನೂ ಬಿಡಲಿಲ್ಲ. ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು. ಕಣ್ಣು ಸ್ವಲ್ಪ ಮಂಜು ಅನ್ನಿಸಿದರೂ ಯಾರಿಗೂ ಹೇಳಲಿಲ್ಲ. ಪಕ್ಕದಲ್ಲಿ ಕೂತ ವದಿನಳಿಗೆ ಮೊದಲು ಕಂಡದ್ದು ಅವನ ಕುತ್ತಿಗೆ. ಕೋಳಿ ನೋಡುವ ಹಾಗೆ ತಲೆ ಓರೆ ಮಾಡಿ ನೇಯುತ್ತಿದ್ದನಂತೆ. ಆಮೇಲೆ ಬಲಗಡೆ ಅಂಚಿನ ಹತ್ತಿರ, ಒಡಲಿನಲ್ಲಿ, ಜರಿಯ ಎಳೆಗಳು ತಪ್ಪಿರುವುದು ಕಂಡಿತು. ಇಪ್ಪತ್ತು ವರ್ಷದಲ್ಲಿ ಅವನ ಕೈ ಹಾಗೆ ತಪ್ಪಿದ್ದಿಲ್ಲ. ಅವಳು ಅವನ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು.

"ಕಪ್ಪು ಗುಡ್ಡೆ ಮ್ಯಾಲೆ ಅನ್ನದ ಅಗುಳಿನಂಗೆ ಬೆಳ್ಳಗೆ ಕೂತೈತೆ," ಎಂದು ಫೋನಿನಲ್ಲಿ ಹೇಳಿದಳು.

ಆ ಬಾಟಲಿಯ ಫೋಟೋ ಕಳಿಸು ಎಂದೆ. ಫೋಟೋ ಬಂತು. ಕುಂಕುಮ ಮೆತ್ತಿದ ಚೀಟಿಯ ಮೇಲೆ ಔಷಧಿಯ ಹೆಸರು ಸ್ಪಷ್ಟವಾಗಿತ್ತು. ಸ್ಟೀರಾಯ್ಡ್. ಪೊರೆ ತೆಗೆದ ಕಣ್ಣಿನ ಊತ ಇಳಿಸಲು ಕೊಡುವುದು ಅದನ್ನೇ. ಬಾಟಲಿ ತೆರೆದು ಎಷ್ಟು ತಿಂಗಳಾಗಿತ್ತೋ! ಹನಿ ನಿಲ್ಲಿಸಿ, ಈಗಿಂದೀಗಲೇ ಬಸ್ಸು ಹತ್ತಿ ಎಂದೆ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬಸ್ಸು ಬರುವಷ್ಟು ಹೊತ್ತೂ ನಾನು ಲೆಕ್ಕವಿಲ್ಲದಷ್ಟು ಸಲ ಫೋನ್ ಮಾಡಿ, ಕೊಂಡ್ಲಹಳ್ಳಿ ದಾಟಿತಾ, ತಳಕು ಬಂತಾ ಎಂದು ಕೇಳಿದೆ. ಬಸ್ಸು ಬೇಗ ಬಂದರೆ ಕಣ್ಣು ಉಳಿಯುತ್ತದೆ ಎಂಬಂತೆ.

ಕಣ್ಣಿನ ಡಾಕ್ಟರು ನಮ್ಮ ಬೀದಿಯಲ್ಲೇ ಇದ್ದಾರೆ. ಹಳದಿ ಬಣ್ಣದ ಹನಿ ಹಾಕಿ, ಅಣ್ಣನ ಗದ್ದವನ್ನು ಯಂತ್ರದ ಮೇಲಿಡಿಸಿ, ನೀಲಿ ಬೆಳಕಿನಲ್ಲಿ ತುಂಬ ಹೊತ್ತು ನೋಡಿದರು. ಹುಣ್ಣಿನ ಅಂಚು ಹಕ್ಕಿಯ ಗರಿಯಂತೆ ಹರಡಿದೆ, ಪಕ್ಕದಲ್ಲಿ ಸಣ್ಣ ಚುಕ್ಕೆಗಳೂ ಇವೆ ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಅದರ ಅರ್ಥ ಫಂಗಸ್ ಎಂದು ನನಗೆ ಗೊತ್ತಿತ್ತು. ಆದರೆ ನೋಟದಿಂದ ತೀರ್ಮಾನ ಮಾಡುವಂತಿಲ್ಲ, ಕೆರೆದು ನೋಡಲೇಬೇಕು. ಕಣ್ಣು ಮರಗಟ್ಟಿಸಿ, ಬ್ಲೇಡಿನ ಅಂಚಿನಿಂದ ಹುಣ್ಣನ್ನು ಮೆಲ್ಲಗೆ ಕೆರೆದು ಗಾಜಿನ ಸ್ಲೈಡುಗಳಿಗೆ ಸವರಿದರು.

"ಮುಂಚೆ ಏನಾದ್ರೂ ಹನಿ ಹಾಕಿದ್ರಾ?" ಎಂದು ಕೇಳಿದರು.

"ಹಾಕಿದ್ದೆ ಸರ್. ನಮ್ಮಮ್ಮಂದು."

"ಯಾರು ಹೇಳಿದ್ರು ಹಾಕೋಕೆ?"

ಈ ಪ್ರಶ್ನೆಯನ್ನು ನಾನು ಎಷ್ಟು ಜನರ ಮುಖಕ್ಕೆ ಎಸೆದಿರಲಿಲ್ಲ! ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಇಲ್ಲ ಸರ್, ನಾನೇ" ಎಂದ. ಡಾಕ್ಟರು ನನ್ನನ್ನು ನೋಡಿ, "ನಿಮ್ಮಂಥೋರು ಮನೇಲಿದ್ದೂ ಹಿಂಗಾ?" ಎಂದರು. ನಾನು ಸ್ಲೈಡುಗಳನ್ನು ಡಬ್ಬಿಗೆ ಜೋಡಿಸತೊಡಗಿದೆ.

ಸ್ಲೈಡುಗಳನ್ನು ನಾನೇ ಲ್ಯಾಬಿಗೆ ಹೊತ್ತು ತಂದೆ. ಒಂದರ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಮುಚ್ಚುಗಾಜು ಇಟ್ಟೆ. ಆ ದ್ರಾವಣ ಮನುಷ್ಯನ ಜೀವಕೋಶಗಳನ್ನು ಕರಗಿಸುತ್ತದೆ. ಫಂಗಸ್ಸಿನ ಗೋಡೆ ಗಟ್ಟಿ, ಅದು ಕರಗುವುದಿಲ್ಲ. ಹಾಗಾಗಿ ಕಾದಷ್ಟೂ ನಮ್ಮದು ಮಾಯವಾಗಿ ಅದರದ್ದು ಎದ್ದು ಕಾಣುತ್ತದೆ. ಎಷ್ಟೋ ವರ್ಷದಿಂದ ಮಾಡುತ್ತಿದ್ದ ಕೆಲಸ, ಅದರಲ್ಲಿ ಇಷ್ಟು ಕ್ರೌರ್ಯವಿದೆ ಎಂದು ಅವತ್ತು ತಿಳಿಯಿತು. ಬ್ಯಾಕ್ಟೀರಿಯಾ ಆಗಿರಲಿ, ಅದಾದರೆ ಔಷಧಿಗೆ ಬೇಗ ಬಗ್ಗುತ್ತದೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ.

ಮಸೂರವನ್ನು ಕೆಳಗಿಳಿಸಿದೆ. ಉದ್ದಕ್ಕೂ ಕವಲೊಡೆದ ಎಳೆಗಳು, ನಡುನಡುವೆ ಅಡ್ಡಗೋಡೆ. ಹುಡುಕಬೇಕಾದ್ದೇ ಇರಲಿಲ್ಲ. ಯಾವ ಕಡೆ ಸರಿಸಿದರೂ ಅವೇ. ನಾನು ಕೊಟ್ಟ ಅಪ್ಪಣೆಯಲ್ಲಿ ಒಂದು ವಾರಕ್ಕೂ ಹೆಚ್ಚು ಕಾಲ ನಿಶ್ಚಿಂತೆಯಿಂದ ಬೆಳೆದಿದ್ದವು. ರಿಪೋರ್ಟಿನಲ್ಲಿ ಫಂಗಸ್ ಕಂಡಿದೆ ಎಂದು ಬರೆದು ಸಹಿ ಹಾಕಿದೆ. ರೋಗಿಯ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು ಬರೆದೆ.

ಯಾವ ಜಾತಿಯ ಫಂಗಸ್ ಎಂದು ಬೆಳೆಸಿ ನೋಡಲು ಮಾದರಿ ಬೇರೆ ಊರಿಗೆ ಹೋಯಿತು. ಅದು ಬರುವತನಕ ಕಾಯದೆ ಡಾಕ್ಟರು ಫಂಗಸ್ಸಿನ ಹನಿ ಶುರು ಮಾಡಿದರು, ಗಂಟೆಗೊಂದು ಸಲ. ಅಣ್ಣ ನನ್ನ ಬಾಡಿಗೆ ಮನೆಯಲ್ಲೇ ಉಳಿದ. ಹುಣ್ಣು ಒಂದು ದಿನ ಸುಮ್ಮನಿದ್ದು ಇನ್ನೊಂದು ದಿನ ಅಗಲವಾಗುತ್ತಿತ್ತು. ನೋಡುವುದಕ್ಕೂ ಹೆದರಿಕೆ, ನೋಡದಿರುವುದಕ್ಕೂ ಹೆದರಿಕೆ. ಎರಡು ತಿಂಗಳು ಹೀಗೆ ಕಳೆಯಿತು.

ಕೊನೆಗೆ ಡಾಕ್ಟರು ಅವನ ಎಡಗಣ್ಣು ಮುಚ್ಚಿ ಎದುರಿಗೆ ಬೆರಳು ಹಿಡಿದರು. ಅಣ್ಣ ಕಷ್ಟಪಟ್ಟು ನೋಡಿದ.

"ಬೆಳಕು ಗೊತ್ತಾಗ್ತೈತೆ ಸರ್. ಬೆರಳು ಗೊತ್ತಾಗಲ್ಲ."

ಫಂಗಸ್ ಸತ್ತಿತ್ತು. ಅದು ತಿಂದ ಜಾಗದಲ್ಲಿ ಬಿಳಿ ಕಲೆ ಗಟ್ಟಿಯಾಗಿ ನಿಂತಿತ್ತು. ದಾನ ಮಾಡಿದವರ ಕಣ್ಣು ಸಿಕ್ಕರೆ ದಾವಣಗೆರೆಯಲ್ಲಿ ಹಾಕಿಸಿ ನೋಡಬಹುದು, ಆದರೆ ಭರವಸೆ ಕೊಡಲಾರೆ ಎಂದರು.

ಅವನನ್ನು ಊರಿಗೆ ಕಳಿಸಲು ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಮ್ಮ ಇನ್ನೂ ಶೇಂಗಾ ಕಡ್ಡೀನೇ ಬೈಕೊಂಡು ಕೂತವ್ಳೆ. ಹಾಕು ಅಂದೋಳು ನಾನು ಅಂತ ವದಿನಾನೂ ಯಾರ ಮುಂದೂ ಅಂದಿಲ್ಲ. ಆ ಹನಿಯಿಂದ್ಲೇ ಹಿಂಗಾಯ್ತು ಅಂತ ನಾನೇ ಮನೇಲಿ ಹೇಳ್ತೀನಿ" ಎಂದೆ.

"ಬ್ಯಾಡ," ಎಂದ ಅಣ್ಣ. "ತನ್ನ ಔಷಧಿಯಿಂದ ಆತು ಅಂದ್ರೆ ಅಮ್ಮ ಅನ್ನ ಬಿಡ್ತಾಳೆ. ಆಮೇಲೆ ನಿನ್ನನ್ನ ಯಾರೂ ಕೇಳಲ್ಲ, ಏನೂ ಗೊತ್ತಿಲ್ದೋರನ್ನ ಕೇಳಕ್ಕೆ ಹೋಗ್ತಾರೆ. ನೀನಾದ್ರೆ ಇನ್ನೊಂದ್ ಸಲ ತಪ್ಪು ಹೇಳಲ್ಲ."

ಬಸ್ಸು ಬಂತು. ಅವನು ಕಾಲೆತ್ತಿ ಇಟ್ಟ, ಮೆಟ್ಟಿಲು ಸಿಗಲಿಲ್ಲ. ಒಂದೇ ಕಣ್ಣಿಗೆ ಅದರ ದೂರ ತಿಳಿದಿರಲಿಲ್ಲ. ನಾನು ತೋಳು ಹಿಡಿಯುವಷ್ಟರಲ್ಲಿ ಕಂಬಿ ತಡಕಿ ಹಿಡಿದು ಹತ್ತಿಕೊಂಡ.

ಮನೆಯಲ್ಲಿ ನಾನು ಇವತ್ತಿನವರೆಗೂ ಹೇಳಿಲ್ಲ. ತನ್ನ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೇನೆ ಎಂದು ಅಣ್ಣ ತಿಳಿದಿದ್ದಾನೆ. ಅವನು ಬ್ಯಾಡ ಅಂದ ಕ್ಷಣ ನನಗಾದದ್ದು ಸಮಾಧಾನ. ಅದನ್ನು ಅವನಿಗೂ ಹೇಳಿಲ್ಲ.