ಓದದೆ ಹಾಕಿದ ಸಹಿ

ನಮ್ಮ ಪ್ರೊಫೆಸರರ ಸಂಶೋಧನೆಯೆಲ್ಲ ಬೇರೆಯವರ ಬೆವರು. ಇಪ್ಪತ್ತು ವರ್ಷದಿಂದ ಅವರ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆಯುವವನು ನಾನು. ಮಹಾನುಭಾವರು ಕೀಬೋರ್ಡ್ ಮುಟ್ಟಿದ್ದನ್ನು ಈ ಕಣ್ಣು ಕಂಡಿಲ್ಲ.

ನನ್ನ ಅಕ್ಕನ ಮಗಳಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಹುಚ್ಚು. ಅರ್ಜಿ ಹಾಕುವ ಮೊದಲೇ ಸಂಶೋಧನೆಯ ಅನುಭವ ಬೇಕಂತೆ, ಅದಕ್ಕೆ ಸಾಕ್ಷಿಯಾಗಿ ಒಬ್ಬ ಪ್ರೊಫೆಸರರ ಪತ್ರ ಬೇಕಂತೆ. ಈಜು ಕಲಿತ ಮೇಲೆ ನೀರಿಗಿಳಿ ಎನ್ನುವ ಜಾಣರು! ಹುಡುಗಿ ನಲವತ್ತು ಜನರಿಗೆ ಇಮೇಲ್ ಕಳಿಸಿದಳು, ಒಬ್ಬರೂ ಕ್ಯಾರೇ ಅನ್ನಲಿಲ್ಲ. ಕೊನೆಗೆ ನಾನೇ ಈ ಆಸಾಮಿಯ ಮುಂದೆ ಹಲ್ಲುಗಿಂಜಿ ಅವಳನ್ನು ಲ್ಯಾಬಿಗೆ ಸೇರಿಸಿದೆ. ಈಗಲೂ ನಾಚಿಕೆಯಾಗುತ್ತದೆ.

ಎಲೆಯ ಫೋಟೋ ನೋಡಿ ಗಿಡದ ರೋಗ ಹೇಳುವ ಪ್ರೋಗ್ರಾಂ ಅವರದು. ಎಂಟು ತಿಂಗಳು ಬಿಟ್ಟಿಯಾಗಿ ಒಂದೊಂದು ಫೋಟೋಗೂ ರೋಗದ ಹೆಸರು ಬರೆದವಳು ಇವಳು. ಒಂದು ದಿನ ನನ್ನ ಹತ್ತಿರ ಬಂದು, "ಮಾವ, ಪ್ರೋಗ್ರಾಂಗೆ ಕಲಿಸೋಕೆ ಕೊಟ್ಟ ಫೋಟೋಗಳನ್ನೇ ಪರೀಕ್ಷೆಗೂ ಕೊಟ್ಟಿದ್ದಾರೆ. ನೂರಕ್ಕೆ ತೊಂಬತ್ತೆಂಟು ಬರದೆ ಇನ್ನೇನು?" ಅಂದಳು.

ಹೋಗಿ ಅವರಿಗೂ ಹೇಳಿದಳು. ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಲೇಖನ ಆಗ್ಲೇ ಕಳಿಸಾಯ್ತಮ್ಮ, ಕೆದಕಬೇಡ. ನಿಂಗೆ ಪತ್ರ ಬೇಕೋ ಬೇಡ್ವೋ?"

ಪತ್ರವನ್ನಾದರೂ ಅವರು ಬರೆಯುತ್ತಾರೆಯೇ? ಕೇಳಿದವರೇ ಬರೆದು ತರಬೇಕು, ಅವರು ಸಹಿ ಹಾಕುತ್ತಾರೆ, ಸ್ಕ್ಯಾನ್ ಮಾಡಿ ಕಳಿಸುವುದು ನಾನು. ಇವಳು ಬರೆದು ತಂದದ್ದನ್ನು ಓದಿದೆ. "ನನ್ನ ಫಲಿತಾಂಶ ತಪ್ಪು. ಅದನ್ನು ಹಿಡಿದವಳು ಈ ವಿದ್ಯಾರ್ಥಿನಿ. ಸರಿಯಾಗಿ ಲೆಕ್ಕ ಹಾಕಿದರೆ ತೊಂಬತ್ತೆಂಟಲ್ಲ, ಅರವತ್ತೊಂದು."

"ಅವ್ರು ಓದಿದ್ರೆ ನಿನ್ನ ಅರ್ಜಿ ಕಥೆ ಮುಗೀತು ಕಣೇ," ಅಂದೆ.

"ಸುಳ್ಳು ಹೇಳ್ಕೊಂಡು ಅಲ್ಲಿಗೆ ಹೋಗಿ ಏನ್ ಮಾಡ್ಲಿ ಮಾವ?"

ಅವರ ಮೇಜಿನ ಮೇಲಿಟ್ಟು, "ಸರ್, ಒಂದ್ಸಲ ಓದಿಬಿಡಿ," ಎಂದು ಎರಡು ಸಲ ಹೇಳಿದಳು.

"ಇದನ್ನೆಲ್ಲ ಓದ್ತಾ ಕೂರೋಕೆ ನಂಗೆ ಬೇರೆ ಕೆಲಸ ಇಲ್ವಾ?" ಎಂದು ಸಹಿ ಗೀಚಿದರು. ನಾನು ಕಳಿಸಿದೆ.

ಹುಡುಗಿಗೆ ಸೀಟು ಸಿಕ್ಕಿತು. ಸೀಟು ಕೊಟ್ಟ ವಿಶ್ವವಿದ್ಯಾಲಯದವರು ಪ್ರೊಫೆಸರರಿಗೂ ಒಂದು ಪತ್ರ ಬರೆದರು: ತಮ್ಮ ತಪ್ಪನ್ನು ಇಷ್ಟು ಧೈರ್ಯವಾಗಿ ಒಪ್ಪಿಕೊಂಡ ಗುರುಗಳನ್ನು ನಾವು ಕಂಡಿಲ್ಲ, ನಿಮಗೆ ನಮ್ಮ ಗೌರವ.

ಅದನ್ನು ಮಾತ್ರ ಪೂರ್ತಿ ಓದಿದರು. "ಯಾವ ತಪ್ಪಯ್ಯಾ?" ಎಂದು ನನ್ನನ್ನು ಕೇಳಿದರು.

"ಗೊತ್ತಿಲ್ಲ ಸರ್," ಅಂದೆ.

ಗೌರವ ಎಂದಿದ್ದ ಸಾಲಿನ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರು. ಆಮೇಲೆ, ಅದರ ಹತ್ತು ಪ್ರತಿ ತೆಗೆದು ಪ್ರಿನ್ಸಿಪಾಲರಿಗೂ ಉಳಿದ ಮೇಷ್ಟ್ರುಗಳಿಗೂ ಕೊಟ್ಟು ಬಾ ಎಂದರು.