ಬ್ರೇಕು ಒತ್ತುವ ಜಾಗದ ಮನೆ

ಗೋಕಾಕದಲ್ಲಿ ಸಂಕೇಶ್ವರದ ಬಸ್ಸು ಹತ್ತಿದಾಗ ಇನ್ನೂ ಎಳೆಬಿಸಿಲು. ಹೆಂಗಸರಿಗೆ ಟಿಕೆಟ್ಟು ಬಿಟ್ಟಿ, ಕೂರಲು ಮಾತ್ರ ಜಾಗವಿರಲಿಲ್ಲ. ಹುಕ್ಕೇರಿ ದಾಟಿದ ಮೇಲೆ, ಇಳಿಜಾರಿನಲ್ಲಿ ರಸ್ತೆಗೆ ಅಂಟಿಕೊಂಡೇ ನನ್ನ ಅಕ್ಕ ಶಾಂತಾಳ ಮನೆಯಿದೆ. ಅವಳ ಕೆಮ್ಮು ನಿಲ್ಲುತ್ತಿರಲಿಲ್ಲ. ಕೆಲವು ದಿನ ಆ ಮನೆಯಿಂದ ದೂರವಿರಲಿ ಎಂದು ಡಾಕ್ಟರು ಹೇಳಿದ್ದರು. ಅವಳನ್ನು ಕರೆತರಲು ಹೊರಟಿದ್ದೆ.

ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ಘಟಪ್ರಭಾದಲ್ಲಿ ಎಲ್ಲರೂ ಚಹಾಕ್ಕೆ ಇಳಿದರು. ನಾನು ಬಾಗಿಲ ಬಳಿಯೇ ನಿಂತು ಡ್ರೈವರ್‌ನ ದಾರಿ ಕಾದೆ.

ನಾನು ಮನೆ ತಲುಪುವಷ್ಟರಲ್ಲಿ ಅಕ್ಕ ರೊಟ್ಟಿ, ಮಡಕಿಕಾಳು ಪಲ್ಯ ಮಾಡಿಟ್ಟಿದ್ದಳು. ತೊಳೆದಿಟ್ಟ ತಾಟನ್ನು ಬಡಿಸುವ ಮೊದಲು ಮತ್ತೆ ಒರೆಸಿದಳು. ಅರಿವೆ ಕಪ್ಪಾಯಿತು.

"ಲಾರಿ ಹೊಗಿ ಇಷ್ಟು ಬರತೈತೇನಕ್ಕಾ?"

"ಹೊಗಿ ಅಲ್ಲವಾ. ಹೊಸ ಗಾಡಿ ಹೊಗಿನ ಬಿಡಾಂಗಿಲ್ಲ. ಮನಿ ಮುಂದ ರಸ್ತೇದಾಗ ಹಂಪ್ ಐತೆಲ್ಲಾ, ಅದು ಕಂಡಕೂಡ್ಲೆ ಬ್ರೇಕ್ ಒತ್ತತಾರ. ಬ್ರೇಕು, ಟಾಯರು ತೇದು ಪುಡಿ ಉದರತೈತಿ. ಡಾಕ್ಟರೂ ಅದನ್ನ ಹೇಳ್ಯಾರ."

ಅಷ್ಟರಲ್ಲಿ ಹೊರಗೆ ಕಬ್ಬಿನ ಲಾರಿಯೊಂದು ಕಿರುಗುಟ್ಟಿತು. ಸುಟ್ಟ ವಾಸನೆ ಅಡುಗೆಮನೆಗೇ ಬಂತು. ಅಕ್ಕ ಬಾಗಿ ಕೆಮ್ಮತೊಡಗಿದಳು. ನಾನು ತಾಟು ಸರಿಸಿ ಅವಳಿಗೆ ನೀರು ಕೊಟ್ಟೆ.

"ಅರ್ಜಿ ಕೊಟ್ಟು ಆ ಹಂಪ್ ಕಿತ್ತು ಒಗಸೂಣು."

"ಅದನ್ನ ಹಾಕಿಸಿದಾಕಿನ ನಾನು," ಎಂದಳು. "ಎದುರಿಗೆ ಹುಡುಗ್ರ ಸಾಲಿ ಐತಿ ನೋಡು. ಹಂಪ್ ಇಲ್ದಾಗ ಒಂದು ಹುಡುಗಿ ಟ್ರೇಲರ್ ಗಾಲಿಗೆ ಸಿಕ್ಕು ಕಾಲು ಕಳಕೊಂಡ್ಲು. ಅವತ್ತ ರಸ್ತೇದಾಗ ಕುಂತಾಕಿ, ಸಾಹೇಬ್ರು ಬಂದು ಮಾತು ಕೊಡೂತನಕ ಏಳಲಿಲ್ಲ. ಈಗ ನನ್ನ ಕೆಮ್ಮಿಗೆ ಅದನ್ನ ತೆಗಸಲೇನು?"

ನಾನು ಅವಳ ಸೀರೆಗಳನ್ನು ಚೀಲಕ್ಕೆ ತುಂಬಿದೆ. ಹಂಗಾಮು ಮುಗಿಯುವ ತನಕ ನಮ್ಮಲ್ಲಿರಲು ಒಪ್ಪಿದಳು. ವಾಪಸು ಬಂದ ಮೇಲೆ ರಸ್ತೆಬದಿಯ ಕೋಣೆ ಮುಚ್ಚಿ ಹಿತ್ತಲ ಕಡೆ ಮಲಗುತ್ತೇನೆ ಎಂದಳು. ಮನೆ ಬಿಡುವ ಮಾತು ಮಾತ್ರ ಆಡಬೇಡ ಎಂದಳು.

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹುಕ್ಕೇರಿ ದಾಟುವಷ್ಟರಲ್ಲಿ ಅಕ್ಕನ ಉಸಿರು ತುಸು ಹಗುರಾಯಿತು. ನಾನು ಸಮಾಧಾನಪಡುವಷ್ಟರಲ್ಲೇ ಮುಂದೆ ಟ್ರ್ಯಾಕ್ಟರು ಅಡ್ಡ ಬಂತು. ನಮ್ಮ ಡ್ರೈವರ್ ಜೋರಾಗಿ ಬ್ರೇಕು ಒತ್ತಿದ. ಅದೇ ಸುಟ್ಟ ವಾಸನೆ.

ಕಿಟಕಿಯ ಹೊರಗೆ, ರಸ್ತೆಗೆ ಅಂಟಿದ ಮನೆಯ ಅಂಗಳದಲ್ಲಿ, ಸಂಡಿಗೆ ಒಣಹಾಕುತ್ತಿದ್ದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಮ್ಮ ಬಸ್ಸನ್ನೇ ನೋಡಿದಳು. ಅಕ್ಕ ನನ್ನ ಕೈ ಹಿಡಿದಳು. ಬಸ್ಸು ಮುಂದೆ ಸರಿಯಿತು. ಆ ಅಂಗಳ ಮರೆಯಾಗುವ ತನಕ ಇಬ್ಬರೂ ಹಿಂದೆ ತಿರುಗಿ ನೋಡುತ್ತಲೇ ಇದ್ದೆವು.