ಅರ್ಧ ದರದ ಪಾಸು

ನಮ್ಮ ಕಟ್ಟಡದ ಮೂರನೇ ಮಹಡಿಯವರನ್ನು ಎಲ್ಲರೂ ಹಲ್ಲಪ್ಪ ಅಂತಲೇ ಕರೆಯುವುದು. ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ, ಯಾರದೋ ಬೊಚ್ಚುಬಾಯಿಗೆ ನಗು ಕೊಡುತ್ತಾರೆ. ತಾವು ನಗುವುದು ಮಾತ್ರ ಕಡಿಮೆ. ನಾನು ಅವರ ಕೆಳಗಿನ ಮನೆಯವಳು. ಗ್ರಂಥಾಲಯದಲ್ಲಿ ಕೆಲಸ.

ಅವರ ಲ್ಯಾಬು ನಗರದ ನಡುಮಧ್ಯೆ, ನಮ್ಮ ಮನೆಗಳು ಊರಾಚೆ. ಸ್ವಂತದ್ದೊಂದು ಎರಡು ಕೋಣೆಯ ಮನೆ ಆಗಲಿ ಎಂದು ಇಷ್ಟು ದೂರ ಬಂದ ಮೇಲೆ ರೈಲಿನ ಖರ್ಚು ಸಂಬಳವನ್ನು ನುಂಗತೊಡಗಿತು. ಆಗ ಸ್ಟೇಷನ್ನಿನ ಗೋಡೆಯಲ್ಲಿ ಒಂದು ನೋಟಿಸು ಕಂಡರು. ಜನಜಂಗುಳಿಯ ಹೊತ್ತು ಬಿಟ್ಟು ಓಡಾಡುವವರಿಗೆ ಅರ್ಧ ದರದ ಪಾಸು. ಬೆಳಿಗ್ಗೆ ಆರೂವರೆಯೊಳಗೆ ಹೋಗಬೇಕು, ಸಂಜೆ ಎಂಟರ ಮೇಲೆ ಬರಬೇಕು. ನಡುವೆ ಹತ್ತಿದರೆ ದಂಡ.

"ಒಂದು ವರ್ಷ ಅಷ್ಟೇ ಕಣೇ," ಎಂದರಂತೆ ಹೆಂಡತಿಗೆ. "ಕಣ್ಣು ಮುಚ್ಕೊಂಡು ತಳ್ಳಿಬಿಡೋಣ."

ಆಗ ಮಗಳಿಗೆ ನಾಲ್ಕು ವರ್ಷ. ಅವಳು ಏಳನೇ ಕ್ಲಾಸಿಗೆ ಬಂದಾಗಲೂ ಹಲ್ಲಪ್ಪ ತಳ್ಳುತ್ತಲೇ ಇದ್ದರು.

ಬೆಳಿಗ್ಗೆ ಐದು ಹತ್ತರ ಗಾಡಿ. ಆರಕ್ಕೆ ಇಳಿದರೆ, ಲ್ಯಾಬು ತೆರೆಯುವುದು ಒಂಬತ್ತಕ್ಕೆ. ಮೊದಮೊದಲು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಮಾಲೀಕರು ಕನಿಕರಪಟ್ಟು ಬೀಗದ ಕೈ ಕೊಟ್ಟರು. ಒಳಗೆ ಹೋದ ಮೇಲೆ ಕೈ ಸುಮ್ಮನಿರುತ್ತದೆಯೇ? ಪಾಲಿಶ್ ಚಕ್ರ ತಿರುಗಿಸಿದರು, ನಿನ್ನೆಯ ಅಚ್ಚು ಒಡೆದರು. ಕ್ರಮೇಣ ಆ ಹೊತ್ತಿನ ಕೆಲಸ ಅವರದ್ದೇ ಎಂದಾಯಿತು. ಸಂಬಳ ಮಾತ್ರ ಒಂಬತ್ತರಿಂದಲೇ.

"ನಿಮ್ಮ ಪಾಸಿನಿಂದ ಲಾಭ ಆಗಿರೋದು ನಮ್ಮ ಮಾಲೀಕರಿಗೆ ಬಿಡಿ," ಎಂದು ಮೇಣದ ಕೆಲಸದ ಹೆಂಗಸು ಛೇಡಿಸುತ್ತಿದ್ದಳಂತೆ.

ಸಂಜೆ ಐದೂವರೆಗೆ ಲ್ಯಾಬು ಮುಚ್ಚಿದರೆ ಸ್ಟೇಷನ್ನಿನ ಕಬ್ಬಿಣದ ಬೆಂಚು. ಯಾರೋ ಬಿಟ್ಟುಹೋದ ಪತ್ರಿಕೆಯನ್ನು ಮಾರುಕಟ್ಟೆ ದರದವರೆಗೂ ಓದುವರು. ಗುಡಿಸುವವನು "ಕಾಲೆತ್ತಿ ಸಾರ್" ಅನ್ನುವ ಮೊದಲೇ ಕಾಲೆತ್ತುವರು. ಆರು ಐದರ ಗಾಡಿ ಎದುರಿಗೇ ಬಂದು ನಿಲ್ಲುತ್ತಿತ್ತು, ತುಂಬಿಕೊಂಡು ಹೋಗುತ್ತಿತ್ತು. ಅದರಲ್ಲೇ ನಾನೂ ಹತ್ತುತ್ತಿದ್ದೆ. ಕಿಟಕಿಯಿಂದ ಕಂಡರೆ ಕೈ ಬೀಸುತ್ತಿದ್ದೆ.

ಒಮ್ಮೆ ಈ ಪಾಸು ಬಿಡಬೇಕೆಂದು ಕೌಂಟರಿಗೆ ಹೋದದ್ದುಂಟು. ಅಲ್ಲಿನ ಗುಮಾಸ್ತ, "ಯೋಚನೆ ಮಾಡಿ. ಹೊಸಬರಿಗೆ ಇದು ಕೊಡೋದು ನಿಲ್ಸಿದ್ದಾರೆ. ಒಂದು ತಿಂಗಳು ತಪ್ಪಿಸಿದ್ರೂ ಮತ್ತೆ ಸಿಗಲ್ಲ," ಎಂದ. ಹಲ್ಲಪ್ಪ ಪಾಸು ಮುಂದುವರಿಸಿ ಬಂದರು. ಇನ್ನು ಸಿಗುವುದಿಲ್ಲ ಎಂದಮೇಲೆ ಬಿಡುವುದಾದರೂ ಹೇಗೆ?

ಕಳೆದ ವರ್ಷ ಒಂದು ಸಂಜೆ ಬೆಂಚಿನಲ್ಲಿದ್ದಾಗ ಮಗಳ ಫೋನು ಬಂತು.

"ಅಪ್ಪಾ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಏಳೋಕೇ ಆಗ್ತಿಲ್ಲ. ಬೇಗ ಬಾ."

"ಹೆದರ್ಬೇಡ ಪುಟ್ಟಿ. ಆರು ಐದಕ್ಕೇ ಹತ್ತಿ ಬಂದ್ಬಿಟ್ಟೆ."

ಹುಡುಗಿ ಆ ಮಾತನ್ನೇ ನೆಚ್ಚಿಕೊಂಡು, ಬೇರೆ ಯಾರನ್ನೂ ಕರೆಯದೆ, ಅಮ್ಮನ ತಲೆಯಡಿ ಟವೆಲ್ಲು ಇಟ್ಟು ಪಕ್ಕದಲ್ಲಿ ಕೂತಳು. ಏಳು ಗಂಟೆ ದಾಟಿದ ಮೇಲೆ ನಾನು ಕೆಲಸದಿಂದ ಬಂದೆ. ಮೆಟ್ಟಿಲಲ್ಲಿ ನನ್ನ ಹೆಜ್ಜೆ ಕೇಳಿ, ಅಪ್ಪನೇ ಎಂದುಕೊಂಡು ಕೆಳಗೆ ಓಡಿಬಂದಳು.

"ಅಪ್ಪ ಎಲ್ಲಿ ಆಂಟಿ? ಆರು ಐದರ ಗಾಡೀಲಿ ಬರ್ತೀನಿ ಅಂದಿದ್ರು."

ನಾನು ಅವಳ ಜೊತೆ ಮೇಲಕ್ಕೆ ಓಡುತ್ತಲೇ, "ನಾನೂ ಅದರಲ್ಲೇ ಬಂದೆ ಮರಿ, ನಿಮ್ಮಪ್ಪ ಕಾಣಲಿಲ್ಲವಲ್ಲ," ಎಂದುಬಿಟ್ಟೆ. ಬಚ್ಚಲ ಬಾಗಿಲು ತೆರೆದೇ ಇತ್ತು. ಒದ್ದೆ ನೆಲದ ಮೇಲೆ ಮಲಗಿದ್ದವರಿಗೆ ಅದು ಕೇಳಿಸಿತು. ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆಗೆ ಸೇರಿಸಿದೆ. ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಒಂಬತ್ತು ದಾಟಿದ ಮೇಲೆ ಹಲ್ಲಪ್ಪ ಏದುಸಿರು ಬಿಡುತ್ತ ಬಂದು, "ಗಾಡಿ ಲೇಟು, ಏನ್ಮಾಡೋದು," ಎಂದು ಮೂರು ಸಲ ಹೇಳಿದರು. ಯಾಕೆ ತಡ ಎಂದು ಯಾರೂ ಕೇಳಿರಲಿಲ್ಲ.

ವಾರದ ಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಮುಂದೆ ಬಾಯಿಬಿಟ್ಟರು. "ಜೇಬಲ್ಲಿ ದುಡ್ಡಿತ್ತು ಮೇಡಂ. ಕ್ಯೂನಲ್ಲಿ ನಾಲ್ಕೇ ಜನ. ಟಿಕೆಟ್ ತಗೊಂಡೆ ಕೂಡ. ಬಾಗಿಲ ಮುಂದೆ ನಿಂತೆ. ಕಾಲು ಎತ್ತಿಡೋಕಾಗ್ಲಿಲ್ಲ. ಎಂಟು ವರ್ಷ ಅದು ಹೋಗೋದನ್ನೇ ನೋಡಿದೀನಿ ನೋಡಿ, ಅದು ಬೇರೆಯವರ ಗಾಡಿ ಅನ್ನಿಸ್ಬಿಡ್ತು. ಮುಂದಿನದೂ ಹೋಯ್ತು. ಅದರ ಮುಂದಿನದೂ." ಅವರ ಬೆರಳ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಹಾಗೇ ಇತ್ತು.

ಹೆಂಡತಿಯ ಮುಂದೆ ಅವರಾಗಿ ಏನೂ ಹೇಳಲಿಲ್ಲ. ಮನೆಗೆ ಬಂದ ದಿನ ಆಕೆಯೇ ಹೇಳಿದರಂತೆ, "ಗಾಡಿ ಲೇಟಾಗಿರಲಿಲ್ಲ ಅಂತ ಅವತ್ತೇ ಗೊತ್ತಿತ್ತು ರೀ. ಆಮೇಲೆ ನಿಮ್ಮ ಜೇಬಲ್ಲಿ ಆ ಟಿಕೆಟ್ಟೂ ಕಂಡೆ. ದುಡ್ಡಿನಾಸೆ ಅಂದಿದ್ರೆ ಜಗಳ ಆಡ್ಬಹುದಿತ್ತು. ನಿಮಗೆ ಮನೆಗೆ ಬರೋದೇ ಮರೆತುಹೋಗಿದೆ. ಅದಕ್ಕೆ ಏನಂತ ಜಗಳ ಆಡ್ಲಿ?"

ಮರುದಿನವೇ ಪಾಸು ಒಪ್ಪಿಸಿ, ಪೂರ್ತಿ ದರದ್ದು ಮಾಡಿಸಿದರು. ಇನ್ನು ಒಂಬತ್ತಕ್ಕೆ ಬರುವೆನೆಂದು ಮಾಲೀಕರಿಗೆ ಹೇಳಿದಾಗ, ಆತ ಕನ್ನಡಕ ತೆಗೆದು ಕೇಳಿದ, "ಹಂಗಾದ್ರೆ ಬೆಳಗಿನ ಕೆಲಸ ಯಾರು ಮಾಡ್ತಾರೆ? ಅದನ್ನ ನಂಬ್ಕೊಂಡು ಇಬ್ಬರು ಡಾಕ್ಟರ ಆರ್ಡರ್ ಹಿಡಿದಿದೀನಿ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ." ಆ ವಯಸ್ಸಿನಲ್ಲಿ ಇನ್ನೆಲ್ಲಿ ಕೆಲಸ ಹುಡುಕುವುದು? ಹಾಗಾಗಿ ಪೂರ್ತಿ ದುಡ್ಡು ತೆತ್ತೂ ಬೆಳಿಗ್ಗೆ ಅದೇ ಐದು ಹತ್ತರ ಗಾಡಿ.

ಸಂಜೆ ಮಾತ್ರ ನನ್ನ ಜೊತೆ ಬರುತ್ತಾರೆ. ಮೊದಲ ದಿನ ಬಾಗಿಲು ತೆರೆದ ಮಗಳು, "ಇಷ್ಟು ಬೇಗ? ಮೈ ಹುಷಾರಿಲ್ವಾ ಅಪ್ಪ?" ಎಂದಳು. ಮನೆಯಲ್ಲಿ ಇರುವ ಒಂದೇ ಮೇಜಿನ ಸುತ್ತ ಅವಳ ಗೆಳತಿಯರು ಓದುತ್ತಿದ್ದರು. ಹಲ್ಲಪ್ಪ ಅಡುಗೆಮನೆಯಲ್ಲಿ ನಿಂತರು, ಅಲ್ಲಿ ಅಡ್ಡವಾದರು. ಮಂಚದ ತುದಿಯಲ್ಲಿ ಕೂತರು, ಹಾಸಿಗೆ ಅಲುಗಿ ಹೆಂಡತಿಗೆ ನೋವಾಯಿತು. ಕೊನೆಗೆ ಬಾಲ್ಕನಿಯಲ್ಲಿ ನಿಂತುಕೊಂಡರು.

ಡಾಕ್ಟರು ಆಕೆಗೆ ದಿನಾ ನಡೆಯಲು ಹೇಳಿದ್ದಾರೆ. ಸಂಜೆ ಇಬ್ಬರೂ ಮೂರನೇ ಮಹಡಿಯ ಪಡಸಾಲೆಯಲ್ಲಿ ನಡೆಯುತ್ತಾರೆ. ಈ ತುದಿಯಲ್ಲಿ ಗೋಡೆ, ಆ ತುದಿಯಲ್ಲಿ ನೀರಿನ ಮೀಟರುಗಳು. ನಿನ್ನೆ ನಾನು ಮೇಲೆ ಹೋದಾಗ ಹಲ್ಲಪ್ಪ ಆಕೆಯ ತೋಳು ಹಿಡಿದುಕೊಂಡಿದ್ದರು, ಮೇಣ ಕರಗೀತೆಂಬಷ್ಟು ಹುಷಾರಾಗಿ.

"ಕೈ ಬಿಡಿ," ಎಂದರು ಆಕೆ. "ನಾನೇ ನಡೀತೀನಿ. ಇಷ್ಟು ವರ್ಷ ನಡೆದಿಲ್ವಾ?"

ಹಲ್ಲಪ್ಪ ಬಿಟ್ಟರು. ಎರಡು ಹೆಜ್ಜೆ ಹಿಂದೆ ಉಳಿದು, ಆಕೆ ತಿರುಗಿದಲ್ಲಿ ತಾವೂ ತಿರುಗುತ್ತ, ಸುಮ್ಮನೆ ಹಿಂಬಾಲಿಸಿದರು.